ಮಿಚಿತ್ಸುನನ ತಾಯಿಯ ದಿನಚರಿ

ಈ ಉಪನ್ಯಾಸದಲ್ಲಿ ನಾನು ಹೇಳಹೊರಟಿರುವುದು ಹೆಸರು ಉಳಿಯದೆ ಹೋದ ಒಬ್ಬ ಹೆಂಗಸಿನ ವಿಚಾರ. ಆಕೆ ಬಾಳಿದ್ದು ಕ್ರಿಸ್ತಶಕ ಹತ್ತನೆಯ ಶತಮಾನದಲ್ಲಿ, ಜಪಾನು ದೇಶದ ರಾಜಧಾನಿಯಲ್ಲಿ. ಆಕೆಯ ತಂದೆಯ ಹೆಸರು ನಮಗೆ ತಿಳಿದಿದೆ. ಗಂಡನ ಹೆಸರು ಆ ದೇಶದ ಇತಿಹಾಸವನ್ನು ಹೇಳುವ ಯಾವ ಪುಸ್ತಕದಲ್ಲಾದರೂ ಸಿಕ್ಕುತ್ತದೆ. ಮಗನ ಹೆಸರು, ಸವತಿಯ ಹೆಸರು ಕೂಡ ಉಳಿದಿವೆ. ಈಕೆಯ ಹೆಸರೊಂದು ಮಾತ್ರ ಯಾವ ಬರಹದಲ್ಲಿಯೂ ಇಲ್ಲ. ಆದುದರಿಂದ ವಿದ್ವಾಂಸರು ಈಕೆಯನ್ನು ‘ಮಿಚಿತ್ಸುನನ ತಾಯಿ’ ಎಂದೇ ಕರೆಯುತ್ತ ಬಂದಿದ್ದಾರೆ. ಹೀಗೆ ಮಗನ ಹೆಸರಿನ ಮರೆಯಲ್ಲಿ ನಿಂತ ಈ ಮಹಿಳೆ, 954ರಿಂದ 974ರ ವರೆಗಿನ ತನ್ನ ದಾಂಪತ್ಯದ ಕಥೆಯನ್ನು ತಾನೇ ಬರೆದಿಟ್ಟು ಹೋದಳು. ಅದಕ್ಕೆ ‘ಕಗೆರೋ ನಿಕ್ಕಿ’ ಎಂದು ಹೆಸರು. ‘ನಿಕ್ಕಿ’ ಎಂದರೆ ದಿನಚರಿ. ‘ಕಗೆರೋ’ ಎಂಬ ಮಾತಿಗೆ ಬಿಸಿಲಿನಲ್ಲಿ ನೆಲದ ಮೇಲೆ ನಡುಗುವ ಝಳವೆಂದು ಕೆಲವರೂ, ಒಂದು ದಿನ ಬದುಕಿ ಸಾಯುವ ಹುಳುವೆಂದು ಕೆಲವರೂ, ಗಾಳಿಯಲ್ಲಿ ತೇಲುವ ಜೇಡನ ಎಳೆಯೆಂದು ಮತ್ತೆ ಕೆಲವರೂ ಅರ್ಥ ಹೇಳುತ್ತಾರೆ. ಯಾವುದನ್ನು ಹಿಡಿದರೂ ತಾತ್ಪರ್ಯ ಒಂದೇ: ಇದೆಯೋ ಇಲ್ಲವೋ ಎಂದು ಹೇಳಲಾಗದ ವಸ್ತು. ಮೊದಲನೆಯ ಭಾಗದ ಕೊನೆಯಲ್ಲಿ ಆಕೆಯೇ ತನ್ನ ಬಾಳಿನ ಬರಹವನ್ನು ಅಂಥದಕ್ಕೆ ಹೋಲಿಸಿಕೊಂಡಿದ್ದಾಳೆ.

ಈ ಹೋಲಿಕೆಯನ್ನು ಬರಿಯ ವೈರಾಗ್ಯದ ಮಾತೆಂದು ಓದುವವರುಂಟು. ನನಗೆ ಹಾಗೆ ತೋರುವುದಿಲ್ಲ. ಅದು ಆಕೆಯ ಮದುವೆಯ ಸ್ಥಿತಿಯನ್ನು ಇದ್ದುದು ಇದ್ದಂತೆ ಹೇಳಿದ ಮಾತು. ಆ ಕಾಲದ ಜಪಾನಿನಲ್ಲಿ ಕುಲೀನ ಸ್ತ್ರೀಗೆ, ತನಗೆ ಆದ ಮದುವೆ ಎಂಥದು, ಅದು ಇನ್ನೂ ಉಳಿದಿದೆಯೆ, ಎಂಬುದೇ ದಿನದಿನವೂ ಏಳುವ ಪ್ರಶ್ನೆಯಾಗಿತ್ತು. ಇದು ಹೇಗೆಂಬುದನ್ನು ಮೊದಲು ಸ್ವಲ್ಪ ವಿವರಿಸಬೇಕು.

ಆಗಿನ ರಾಜಧಾನಿ ಹೆಯಾನ್-ಕ್ಯೋ. ಈಗಿನ ಕ್ಯೋಟೋ ನಗರ. 794ರಲ್ಲಿ ಚೀನಾ ದೇಶದ ಚಾಂಗಾನ್ ಪಟ್ಟಣದ ಮಾದರಿಯ ಮೇಲೆ, ಚದುರಂಗದ ಹಾಸಿನಂತೆ ನೇರವಾದ ಬೀದಿಗಳನ್ನು ಹಾಕಿ ಕಟ್ಟಿದ ಊರು ಅದು. ಊರಿನಂತೆಯೇ ಕಾನೂನೂ ಚೀನಾದಿಂದ ಬಂದದ್ದು. ಎಂಟನೆಯ ಶತಮಾನದ ಸಂಹಿತೆಗಳಲ್ಲಿ, ಗಂಡನು ಹೆಂಡತಿಯನ್ನು ತ್ಯಜಿಸಲು ಇರಬೇಕಾದ ಏಳು ಕಾರಣಗಳನ್ನು ಚೀನೀಯರಂತೆಯೇ ಎಣಿಸಿಟ್ಟಿದ್ದಾರೆ. ಆದರೆ ಬರೆದ ಶಾಸನ ಒಂದು, ಮನೆಯ ಬಾಳು ಮತ್ತೊಂದು. ಚೀನಾದಲ್ಲಿ ವಧು ಗಂಡನ ಮನೆಗೆ ಬರುವಳು. ಜಪಾನಿನ ಕುಲೀನರಲ್ಲಾದರೋ ಹುಡುಗಿ ತವರುಮನೆಯಲ್ಲಿಯೇ ಇರುವಳು. ಗಂಡನಾದವನು ಕತ್ತಲಾದ ಮೇಲೆ ಅಲ್ಲಿಗೆ ಬಂದು ನಸುಕಿನಲ್ಲಿ ಹೊರಟುಹೋಗುವನು. ಹೀಗೆ ಒಂದರ ಮೇಲೊಂದು ಮೂರು ರಾತ್ರಿ ಬಂದರೆ ಅದೇ ಮದುವೆ. ಮೊದಲನೆಯ ರಾತ್ರಿ ಕಳೆದ ಬೆಳಗ್ಗೆ ಆತನಿಂದ ಒಂದು ಕಾಗದ ಬರಬೇಕು. ಎಷ್ಟು ಬೇಗ ಬಂದರೆ ಅಷ್ಟು ಗೌರವ. ಮೂರನೆಯ ರಾತ್ರಿ ದಂಪತಿಗಳ ಮುಂದೆ ಅಕ್ಕಿಯ ಕಡುಬುಗಳನ್ನು ಇಡುವರು. ಆಮೇಲೆ ಮಾವನು ಅಳಿಯನನ್ನು ಬಂಧುಗಳ ಮುಂದೆ ಕೂರಿಸಿ ಔತಣ ಮಾಡುವನು. ಇಷ್ಟೇ. ಮಂತ್ರವಿಲ್ಲ, ಪುರೋಹಿತನಿಲ್ಲ, ಪ್ರತಿಜ್ಞೆಯ ಮಾತಿಲ್ಲ. ಅಳಿಯನ ಉಡುಗೆ ತೊಡುಗೆ, ಪರಿವಾರದ ಉಪಚಾರ, ಎಲ್ಲವೂ ಹೆಣ್ಣಿನ ತಂದೆಯ ಭಾರ. ಮನೆಯೂ ಅನೇಕ ವೇಳೆ ಮಗಳಿಗೇ ಸಲ್ಲುವುದು.

ಹೆಣ್ಣಿಗೆ ಸ್ವಂತ ಸೂರು ಇತ್ತೆಂಬುದು ಸಣ್ಣ ಮಾತಲ್ಲ. ಅತ್ತೆಯ ಕೈಕೆಳಗೆ ಬಾಳಬೇಕಾದ ಸಂಕಟ ಆಕೆಗಿರಲಿಲ್ಲ. ಆದರೆ ಇದರ ಇನ್ನೊಂದು ಮುಖವನ್ನು ನೋಡಬೇಕು. ಒಬ್ಬ ದೊಡ್ಡ ಮನುಷ್ಯನು ಇಂಥ ಎರಡು ಮೂರು ಮನೆಗಳಿಗೆ ಹೋಗಿಬರುತ್ತಿದ್ದನು. ಕಾಲಕ್ರಮದಲ್ಲಿ ಒಬ್ಬಳೊಡನೆ ಒಂದೇ ಮನೆಯಲ್ಲಿ ನೆಲೆಸುವನು. ಅವಳೇ ಪಟ್ಟದ ಹೆಂಡತಿ. ಆ ಒಬ್ಬಳು ಯಾರಾಗುವಳೆಂಬುದನ್ನು ಮೊದಲ ವರ್ಷಗಳಲ್ಲಿ ಯಾರೂ ಹೇಳುವಂತಿರಲಿಲ್ಲ. ಮದುವೆಯನ್ನು ಮಾಡಿದ್ದು ಬರುವಿಕೆ. ಆದುದರಿಂದ ಬಾರದಿರುವಿಕೆಯೇ ಅದನ್ನು ಮುರಿಯುವುದೂ ಆಯಿತು. ಎಷ್ಟು ರಾತ್ರಿ ಬಾರದಿದ್ದರೆ ಮುರಿದಂತೆ? ಹತ್ತೇ, ಮೂವತ್ತೇ, ನೂರೇ? ಇದಕ್ಕೆ ಲೆಕ್ಕವನ್ನು ಯಾವ ಸಂಹಿತೆಯೂ ಕೊಟ್ಟಿರಲಿಲ್ಲ. ಹೆಂಗಸರು ತಾವೇ ಲೆಕ್ಕವಿಡುತ್ತಿದ್ದರು.

ಈ ಪದ್ಧತಿ ಮನೆಯ ಮಾತು ಮಾತ್ರವಾಗಿರಲಿಲ್ಲ. ರಾಜ್ಯದ ಆಡಳಿತವೇ ಅದರ ಮೇಲೆ ನಿಂತಿತ್ತು. ರಾಣಿಯಾದವಳು ಹೆರಿಗೆಗೆ ತವರಿಗೆ ಬರುವಳು. ರಾಜಕುಮಾರನು ತಾಯಿಯ ತಂದೆಯ ಆಶ್ರಯದಲ್ಲಿ ಬೆಳೆಯುವನು. ಫುಜಿವಾರ ಮನೆತನದವರು ಈ ಸೂಕ್ಷ್ಮವನ್ನು ಚೆನ್ನಾಗಿ ಅರಿತಿದ್ದರು. ಅವರು ಎಂದೂ ಸಿಂಹಾಸನವನ್ನು ಏರಲಿಲ್ಲ. ಏರುವ ಅಗತ್ಯವೇ ಇರಲಿಲ್ಲ. ಮಗಳನ್ನು ಅರಮನೆಗೆ ಕೊಟ್ಟು, ಹುಟ್ಟಿದ ಮೊಮ್ಮಗನನ್ನು ಎಳೆಯ ವಯಸ್ಸಿನಲ್ಲಿ ಪಟ್ಟಕ್ಕೆ ಕೂರಿಸಿ, ಅಜ್ಜನು ರಾಜಪ್ರತಿನಿಧಿಯಾಗಿ ಆಳುವನು. ಆದುದರಿಂದ ಆ ಮನೆತನದಲ್ಲಿ ಹೆಣ್ಣುಮಗುವಿನ ಜನನಕ್ಕೆ ಬೆಲೆಯುಂಟು. ನಮ್ಮ ದಿನಚರಿಗಾರ್ತಿಯ ಗಂಡನು ಇದೇ ಮನೆತನದ ಕನೆಯಿಯೆ (929–990). ಆಕೆಯಾದರೋ ಅದೇ ಕುಲದ ದೂರದ, ಬಡ ಶಾಖೆಯವಳು. ತಂದೆ ತೊಮೊಯಾಸು ದೇಶಾಂತರದ ಪ್ರಾಂತಗಳಲ್ಲಿ ಅಧಿಕಾರಿಯಾಗಿ ದುಡಿದವನು. ಮಗಳನ್ನು ಇಂಥ ಮನೆಯವನು ಕೇಳಿದನೆಂದರೆ ತಂದೆಗೆ ಪರಮ ಭಾಗ್ಯ.

ಇನ್ನು ಬರವಣಿಗೆಯ ವಿಚಾರ. ಗಂಡಸರು ಸರ್ಕಾರದ ಕಾಗದಗಳನ್ನೂ ತಮ್ಮ ದಿನಚರಿಗಳನ್ನೂ ಚೀನೀ ಭಾಷೆಯಲ್ಲಿ ಬರೆಯುತ್ತಿದ್ದರು. ಅವರ ಸಂಸ್ಕೃತ ಅದು ಎನ್ನಬಹುದು. ಚೀನೀ ಅಕ್ಷರಗಳನ್ನು ಮೋಡಿಯಲ್ಲಿ ಬರೆದು ಸವೆಸಿ, ಒಂದೊಂದು ಉಚ್ಚಾರಕ್ಕೆ ಒಂದೊಂದು ಗುರುತಿನಂತೆ ಮಾಡಿಕೊಂಡ ‘ಕನ’ ಎಂಬ ಲಿಪಿ ಒಂಬತ್ತನೆಯ ಶತಮಾನದಲ್ಲಿ ರೂಢಿಗೆ ಬಂದಿತು. ಇದು ಹೆಂಗಸರ ಲಿಪಿ. ಇದಕ್ಕೆ ‘ಹೆಣ್ಣಿನ ಕೈ’ ಎಂದೇ ಹೆಸರು. ಮನೆಮಾತನ್ನು ಆಡಿದಂತೆಯೇ ಬರೆಯಲು ಇದು ತಕ್ಕದ್ದು. 935ರ ಸುಮಾರಿನಲ್ಲಿ ಕಿ ನೊ ತ್ಸುರಯುಕಿ ಎಂಬ ಪ್ರಸಿದ್ಧ ಕವಿ, ತೋಸ ಪ್ರಾಂತದಿಂದ ತಾನು ಹಿಂದಿರುಗಿದ ಪ್ರಯಾಣವನ್ನು ಮನೆಮಾತಿನಲ್ಲಿ ಬರೆಯಬೇಕೆಂದಾಗ, ಹೆಂಗಸೊಬ್ಬಳು ಬರೆದಂತೆ ವೇಷ ಹಾಕಬೇಕಾಯಿತು. ಗಂಡಸಿಗೆ ಹೆಣ್ಣಿನ ಸೋಗು ಬೇಕಾದ ಈ ಸ್ಥಳಕ್ಕೆ ಇಪ್ಪತ್ತು ನಲವತ್ತು ವರ್ಷಗಳ ತರುವಾಯ ನಿಜವಾದ ಹೆಣ್ಣೇ ಬಂದು ನಿಂತಳು.

ಆಕೆ ಏಕೆ ಬರೆದಳೆಂಬುದನ್ನು ಪುಸ್ತಕದ ಆರಂಭದಲ್ಲಿಯೇ ಹೇಳಿಕೊಂಡಿದ್ದಾಳೆ. ಆ ಕಾಲದ ಹೆಂಗಸರು ಹೊತ್ತು ಕಳೆಯಲು ಓದುತ್ತಿದ್ದ ಹಳೆಯ ಕಥೆಗಳು ಆಕೆಗೆ ಸುಳ್ಳಿನ ಕಂತೆಯಾಗಿ ಕಂಡುವು. ಉನ್ನತ ಪದವಿಯವನ ಕೈಹಿಡಿದ ಹೆಂಗಸಿನ ಬಾಳು ನಿಜವಾಗಿ ಹೇಗಿರುತ್ತದೆಂದು ಯಾರಾದರೂ ಕೇಳಿದರೆ, ಅದಕ್ಕೆ ತನ್ನ ಬಾಳೇ ಉತ್ತರವಾಗಲಿ ಎಂಬುದು ಆಕೆಯ ಸಂಕಲ್ಪ. ಒಂದು ಸಾವಿರ ವರ್ಷಗಳ ಹಿಂದೆ, ಕಥೆ ಬೇರೆ ಸತ್ಯ ಬೇರೆ ಎಂದು ಇಷ್ಟು ಸ್ಪಷ್ಟವಾಗಿ ಕಂಡು, ಆ ಸತ್ಯಕ್ಕೆ ತನ್ನ ಸಂಸಾರವನ್ನೇ ಸಾಕ್ಷಿಯಾಗಿ ನಿಲ್ಲಿಸಿದ ಬರೆಹಗಾರರು ಎಷ್ಟು ಮಂದಿ?

ಕಥೆ 954ರ ಬೇಸಗೆಯಲ್ಲಿ ಮೊದಲಾಗುತ್ತದೆ. ಕನೆಯಿಯೆ ಮೊದಲು ಆಕೆಯ ತಂದೆಗೆ ಅರ್ಧ ಹಾಸ್ಯವೋ ಅರ್ಧ ನಿಜವೋ ಎಂಬಂತೆ ಸೂಚನೆ ಕೊಟ್ಟನು. ಬಳಿಕ, ಮಧ್ಯವರ್ತಿಯಾದ ಹೆಂಗಸಿನ ಮೂಲಕ ಮೆಲ್ಲನೆ ಕಾಗದ ಕಳುಹಿಸುವುದಕ್ಕೆ ಬದಲಾಗಿ, ಕುದುರೆಯ ಮೇಲೆ ಆಳನ್ನು ಕಳುಹಿಸಿ ಬಾಗಿಲು ಬಡಿಸಿದನು. ಇಂಥ ಸಂದರ್ಭಕ್ಕೆ ತಕ್ಕ ಕಾಗದವಲ್ಲ ಅದು, ಬರಹವೂ ಅಂದವಾಗಿರಲಿಲ್ಲ. ಅಕ್ಷರದಲ್ಲಿ ದೋಷವಿಲ್ಲದವನೆಂದು ತಾನು ಕೇಳಿದ್ದ ಮನುಷ್ಯನೇ ಇದನ್ನು ಬರೆದನೆ ಎಂದು ಆಕೆ ಸಂದೇಹಪಟ್ಟಳು. ಶ್ರೋತೃಗಳು ಇದನ್ನು ಹುಡುಗಿಯ ಬಿಂಕವೆಂದು ತಿಳಿಯಬಾರದು. ಹೆಂಗಸರು ತೆರೆಯ ಹಿಂದೆ, ಬಿದಿರಿನ ತಡಿಕೆಯ ಹಿಂದೆ ಕುಳಿತಿರುತ್ತಿದ್ದ ಆ ಸಮಾಜದಲ್ಲಿ, ವರನಾಗಲಿ ವಧುವಾಗಲಿ ಒಬ್ಬರ ಮುಖ ಒಬ್ಬರಿಗೆ ಕಾಣುವ ಮುಂಚೆ ಅಕ್ಷರ ಕಾಣುತ್ತಿತ್ತು. ಕಾಗದದ ಬಣ್ಣ, ಮಸಿಯ ಹದ, ಜೊತೆಗೆ ಕಟ್ಟಿದ ಹೂವಿನ ರೆಂಬೆ, ಮೂವತ್ತೊಂದು ಅಕ್ಷರಗಳ ಕಿರುಪದ್ಯ, ಇವುಗಳಿಂದಲೇ ಕುಲಶೀಲಗಳನ್ನು ಅಳೆಯಬೇಕಾಗಿತ್ತು. ಈ ಒರಟು ಕಾಗದದಲ್ಲಿ ಕನೆಯಿಯೆಯ ಸ್ವಭಾವವೆಲ್ಲ ಇತ್ತು. ಆತನು ಕೆಟ್ಟವನಲ್ಲ, ಗಟ್ಟಿಗ, ವಿನೋದಗಾರ, ತನಗೆ ಬೇಕಾದುದು ಸಿಕ್ಕೇ ಸಿಕ್ಕುವುದೆಂದು ನಂಬಿದವನು.

ಮದುವೆಯಾಯಿತು. ಅದೇ ವರ್ಷದ ಹತ್ತನೆಯ ತಿಂಗಳಲ್ಲಿ ತಂದೆ ಉತ್ತರದ ದೂರದ ಮುತ್ಸು ಪ್ರಾಂತಕ್ಕೆ ಅಧಿಕಾರಿಯಾಗಿ ಹೊರಟನು. ಹೊರಡುವಾಗ ಅಳುತ್ತ, ಮಗಳ ಕೈ ಬಿಡಬೇಡವೆಂದು ಅಳಿಯನನ್ನು ಬೇಡುವ ಒಂದು ಪದ್ಯವನ್ನು ಬರೆದು, ಮಸಿಯ ಪೆಟ್ಟಿಗೆಯಲ್ಲಿ ಇಟ್ಟುಹೋದನು. ಮಾವನ ಉಪಚಾರದ ಮೇಲೆ ನಿಂತ ಮದುವೆಯಲ್ಲಿ ಮಾವನೇ ಊರು ಬಿಟ್ಟರೆ ಮಗಳ ಆಸರೆ ಅರ್ಧ ಹೋದಂತೆ. ತಂದೆಗೆ ಅದು ಗೊತ್ತಿತ್ತು.

955ರಲ್ಲಿ ಮಿಚಿತ್ಸುನ ಹುಟ್ಟಿದನು. ಬಾಣಂತನದಲ್ಲಿ ಗಂಡನು ಅಕ್ಕರೆಯಿಂದಲೇ ಇದ್ದನು. ಮುಂದಿನ ತಿಂಗಳು, ಅವನು ಹೊರಟುಹೋದ ಮೇಲೆ, ಅಲ್ಲಿದ್ದ ಒಂದು ಕಾಗದದ ಪೆಟ್ಟಿಗೆಯನ್ನು ಈಕೆ ತೆರೆದಳು. ಒಳಗೆ ಬೇರೊಬ್ಬಳಿಗೆ ಬರೆದ ಓಲೆ. ತಾನು ಕಂಡೆನೆಂದು ಅವನಿಗೆ ತಿಳಿಯಲಿ ಎಂದು ಆ ಓಲೆಯ ಅಂಚಿನಲ್ಲಿಯೇ ಒಂದು ಪದ್ಯ ಬರೆದಿಟ್ಟಳು. ಹತ್ತನೆಯ ತಿಂಗಳಲ್ಲಿ ಒಂದರ ಮೇಲೊಂದು ಮೂರು ರಾತ್ರಿ ಗಂಡನು ಬರಲಿಲ್ಲ. ಮೂರು ರಾತ್ರಿಗಳ ಅರ್ಥವನ್ನು ಯಾರೂ ಆಕೆಗೆ ವಿವರಿಸಬೇಕಾಗಿರಲಿಲ್ಲ. ಕೆಲವು ದಿನಗಳ ನಂತರ, ಅರಮನೆಯಲ್ಲಿ ತುರ್ತು ಕೆಲಸವೆಂದು ಸಂಜೆ ಎದ್ದುಹೋದವನ ಹಿಂದೆ ಆಳನ್ನು ಕಳುಹಿಸಿದಳು. ಗಾಡಿ ನಿಂತದ್ದು ಮಾಚಿ ಎಂಬ ಓಣಿಯ ಒಂದು ಮನೆಯ ಮುಂದೆ. ಎರಡು ಮೂರು ದಿನಗಳಾದ ಮೇಲೆ ಬೆಳಗಿನ ಜಾವ ಈಕೆಯ ಬಾಗಿಲು ಬಡಿದ ಸದ್ದಾಯಿತು. ಅವನೇ ಎಂದು ತಿಳಿದೂ ಬಾಗಿಲು ತೆಗೆಸಲಿಲ್ಲ. ಗಾಡಿ ಅದೇ ಓಣಿಯ ಕಡೆಗೆ ತಿರುಗಿತು. ಬೆಳಗಾದ ಮೇಲೆ ಬಣ್ಣಗೆಟ್ಟ ಒಂದು ಸೇವಂತಿಗೆಗೆ ಕಟ್ಟಿ ಒಂದು ಪದ್ಯವನ್ನು ಕಳುಹಿಸಿದಳು. ಬಾಗಿಲು ತೆರೆಯುವವರೆಗೂ ಕಾಯಬೇಕೆಂದೇ ಇದ್ದೆ, ತುರ್ತಾದ ಕರೆ ಬಂತು ಎಂಬುದು ಅವನ ಸಮಾಧಾನ. ಹದಿಮೂರನೆಯ ಶತಮಾನದಲ್ಲಿ ಫುಜಿವಾರ ತೆಯಿಕ ಎಂಬ ಮಹಾಕವಿ ನೂರು ಕವಿಗಳಿಂದ ಒಂದೊಂದು ಪದ್ಯವನ್ನು ಆರಿಸಿದಾಗ, ಈ ಸೇವಂತಿಗೆಯ ಪದ್ಯಕ್ಕೆ ಐವತ್ತಮೂರನೆಯ ಸ್ಥಾನ ಸಿಕ್ಕಿತು. ಇಂದಿಗೂ ಜಪಾನಿನ ಮನೆಗಳಲ್ಲಿ ಹೊಸವರ್ಷದ ದಿನಗಳಲ್ಲಿ ಈ ನೂರು ಪದ್ಯಗಳ ಎಲೆಗಳನ್ನು ಹರಡಿ ಆಟವಾಡುವುದುಂಟು.

ನಮ್ಮ ಆಲಂಕಾರಿಕರು ನಾಯಿಕೆಯರನ್ನು ಎಂಟು ಬಗೆಯಾಗಿ ವಿಂಗಡಿಸಿದ್ದಾರಷ್ಟೆ. ಅಲಂಕರಿಸಿಕೊಂಡು ನಲ್ಲನನ್ನು ಎದುರುನೋಡುವ ವಾಸಕಸಜ್ಜೆ, ಬಾರದವನಿಗಾಗಿ ತಳಮಳಿಸುವ ವಿರಹೋತ್ಕಂಠಿತೆ, ಬೇರೊಬ್ಬಳ ಮನೆಯಲ್ಲಿ ಇರುಳು ಕಳೆದು ಬೆಳಗ್ಗೆ ಬಂದವನನ್ನು ಕಂಡು ಕೆರಳುವ ಖಂಡಿತೆ, ಇವರೆಲ್ಲರೂ ಕಾವ್ಯಗಳಲ್ಲಿ ನಮಗೆ ಪರಿಚಿತರೇ. ಆದರೆ ಅವರ ಬಾಯಲ್ಲಿ ಮಾತು ಇಟ್ಟವರು ಗಂಡಸರು; ಆ ಕೋಪ ಓದುಗನಿಗೆ ಸೊಗಸಾಗಿ ಕಾಣಲೆಂದೇ ಹುಟ್ಟಿದ ಕೋಪ. ಈ ದಿನಚರಿಯಲ್ಲಿ ಖಂಡಿತೆಯೇ ಲೇಖನಿ ಹಿಡಿದಿದ್ದಾಳೆ. ಕೋಪ ಇಲ್ಲಿ ಯಾವಾಗಲೂ ಸೊಗಸಾಗಿಲ್ಲ. ಓಣಿಯ ಹೆಂಗಸು ಬಸುರಾಗಿ, ಹೆರಿಗೆಗೆ ಶುಭವಾದ ದಿಕ್ಕನ್ನು ಹುಡುಕಿ ಹೋಗುವಾಗ, ಕನೆಯಿಯೆ ಅವಳೊಡನೆ ಒಂದೇ ಗಾಡಿಯಲ್ಲಿ ಕುಳಿತು, ಪರಿವಾರದ ಗದ್ದಲದೊಂದಿಗೆ ಈಕೆಯ ಬಾಗಿಲ ಮುಂದೆಯೇ ಹಾದುಹೋದನು. ಮುಂದೆ ಅವನಿಗೆ ಅವಳಲ್ಲಿ ಮನಸ್ಸು ತಪ್ಪಿತು; ಅವಳ ಮಗುವೂ ತೀರಿಕೊಂಡಿತು. ಆಗ ತನಗೆ ನೆಮ್ಮದಿಯಾಯಿತೆಂದು ನಮ್ಮ ದಿನಚರಿಗಾರ್ತಿ ಮುಚ್ಚುಮರೆಯಿಲ್ಲದೆ ಬರೆದಿದ್ದಾಳೆ. ಓದಿದವರಿಗೆ ಮೈ ಜುಮ್ಮೆನ್ನುತ್ತದೆ. ಆ ಸಾಲುಗಳನ್ನು ಆಕೆ ಆಮೇಲೆ ಅಳಿಸಿಬಿಡಬಹುದಾಗಿತ್ತು, ಅಳಿಸಲಿಲ್ಲ. ಆಕೆಯ ಸತ್ಯಸಂಧತೆಯನ್ನು ನಾನು ನಂಬುವುದು ಮುಖ್ಯವಾಗಿ ಈ ಒಂದು ಕಾರಣದಿಂದ.

ಹೀಗೆಂದು ಸವತಿಯರೆಲ್ಲರ ಮೇಲೂ ಆಕೆಗೆ ಹಗೆಯಿರಲಿಲ್ಲ. ಕನೆಯಿಯೆಗೆ ಈಕೆಗಿಂತ ಮೊದಲೇ ತೊಕಿಹಿಮೆ ಎಂಬ ಹೆಂಡತಿಯಿದ್ದಳು. ಅವಳ ಮನೆಗೂ ಅವನು ಹೋಗುವುದು ಕಡಿಮೆಯಾಯಿತೆಂದು ಕೇಳಿ ಈಕೆ ಅವಳಿಗೆ ಪದ್ಯ ಬರೆದು ಕಳುಹಿಸಿದಳು. ಅವಳಿಂದಲೂ ಮರುಪದ್ಯ ಬಂತು. ಒಬ್ಬನಿಗಾಗಿ ಕಾಯುತ್ತಿರುವ ಇಬ್ಬರು ಹೆಂಗಸರು ಊರಿನ ಎರಡು ಮೂಲೆಗಳಿಂದ ಪದ್ಯದಲ್ಲಿ ಕುಶಲ ವಿಚಾರಿಸಿಕೊಂಡರು.

ಪುಸ್ತಕದ ಸ್ವಾರಸ್ಯ ಸಣ್ಣ ಸಂಗತಿಗಳಲ್ಲಿದೆ. ಮಗುವಿಗೆ ಮಾತು ಬರತೊಡಗಿದಾಗ ಅದು ತಂದೆಯನ್ನು ಅನುಕರಿಸಿ ನುಡಿದದ್ದು, ಅವನು ಪ್ರತಿಸಲವೂ ಹೊರಡುವಾಗ ಹೇಳುತ್ತಿದ್ದ ‘ಬೇಗ ಬರುತ್ತೇನೆ’ ಎಂಬ ಅರ್ಥದ ಮಾತನ್ನೇ. ಗಂಡನೂ ಅವನ ಇನ್ನೊಂದು ಮನೆಯವರೂ ಹೊಲಿಯುವುದಕ್ಕೆಂದು ಬಟ್ಟೆಗಳನ್ನು ಕಳುಹಿಸುತ್ತಾರೆ. ಗಂಡನ ಉಡುಪು ಸಿದ್ಧಪಡಿಸುವುದು ಹೆಂಡತಿಯ ಹಕ್ಕೂ ಹೌದು ಕರ್ತವ್ಯವೂ ಹೌದು. ಈಕೆ ಅವುಗಳನ್ನು ಹಾಗೆಯೇ ಹಿಂದಕ್ಕೆ ಕಳುಹಿಸುತ್ತಾಳೆ. ಮತ್ತೊಮ್ಮೆ ಸಣ್ಣ ಮಾತಿಗೆ ಜಗಳವಾಗಿ, ಇನ್ನು ಬರುವುದಿಲ್ಲವೆಂದು ಹುಡುಗನಿಗೆ ಹೇಳಿ ಅವನು ಹೊರಟುಹೋದನು. ದಿನಗಳು ಕಳೆದುವು. ಅವನು ಅಂದು ತಲೆ ಬಾಚಿಕೊಳ್ಳುವಾಗ ಬಳಸಿದ್ದ ನೀರು ಬಟ್ಟಲಿನಲ್ಲಿ ಹಾಗೆಯೇ ಉಳಿದಿತ್ತು. ನೋಡುತ್ತಾಳೆ, ಮೇಲೆ ಧೂಳು ಕಟ್ಟಿದೆ. ಎಷ್ಟು ದಿನಗಳಾದುವೆಂಬುದನ್ನು ಆ ಧೂಳು ಹೇಳುತ್ತದೆ.

ಸುಖದ ದಿನಗಳೂ ಇಲ್ಲದಿಲ್ಲ. 966ರಲ್ಲಿ ಕನೆಯಿಯೆ ಈಕೆಯ ಮನೆಯಲ್ಲಿದ್ದಾಗಲೇ ಕಾಯಿಲೆ ಬಿದ್ದು ತನ್ನ ಮನೆಗೆ ಹೋದನು. ಸ್ವಲ್ಪ ಗುಣವಾದಾಗ ಈಕೆಯನ್ನು ಕರೆಸಿಕೊಂಡನು. ಹೆಂಗಸು ಗಂಡಸಿನ ಮನೆಗೆ ಹೋಗುವುದೆಂದರೆ ಹೊರಗೆ ತಿಳಿದರೆ ನಗೆಗೀಡು; ರಾತ್ರಿ ಗುಟ್ಟಾಗಿ ಗಾಡಿ ಕಟ್ಟಿಸಿ ಹೋಗಿಬಂದಳು. ಆ ಒಂದು ಭೇಟಿಯ ವರ್ಣನೆಯಲ್ಲಿರುವ ನಗುಮುಖ ಪುಸ್ತಕದಲ್ಲಿ ಮತ್ತೆ ಅಪರೂಪ. 968ರಲ್ಲಿ ಹತ್ಸುಸೆಯ ದೇವಾಲಯಕ್ಕೆ ಯಾತ್ರೆ ಹೋಗಿ ಬರುವಾಗ, ಅವನು ಉಜಿ ನದಿಯ ದಡದ ವರೆಗೆ ಎದುರುಗೊಳ್ಳಲು ಬಂದಿದ್ದನು. 969ರ ಹೊಸವರ್ಷದ ದಿನ ಮನೆಯವರೆಲ್ಲ ಶುಭವನ್ನು ಕೋರುತ್ತಿರುವಾಗ, ತಿಂಗಳಿಗೆ ಮೂವತ್ತು ಹಗಲು ಮೂವತ್ತು ರಾತ್ರಿ ಅವನು ತನ್ನ ಬಳಿಯಿರಲಿ ಎಂದು ಈಕೆ ನಗುತ್ತ ಹರಸಿಕೊಂಡಳು. ಮರುವರ್ಷದ ಲೆಕ್ಕ ಬೇರೆ: ಅವನನ್ನು ರಾತ್ರಿ ಕಾಣದೆ ಮೂವತ್ತಕ್ಕೆ ಮೇಲೆ, ಹಗಲು ಕಾಣದೆ ನಲವತ್ತಕ್ಕೆ ಮೇಲೆ. ಮೊದಲ ಹದಿನೈದು ವರ್ಷಗಳನ್ನು ಒಂದು ಭಾಗದಲ್ಲಿ ಮುಗಿಸಿದವಳು, ಇಲ್ಲಿಂದ ಮುಂದಿನ ಮೂರು ಮೂರು ವರ್ಷಗಳಿಗೆ ಒಂದೊಂದು ಭಾಗವನ್ನು ಮೀಸಲಿಟ್ಟಿದ್ದಾಳೆ. ದುಃಖ ಹೆಚ್ಚಿದಂತೆ ದಿನಗಳು ಉದ್ದವಾದುವು.

ರಾಜಕೀಯದ ಮಾತು ಈ ಪುಸ್ತಕದಲ್ಲಿ ಇಲ್ಲವೆನ್ನುವಷ್ಟು ಕಡಿಮೆ. 969ರಲ್ಲಿ ಮಿನಮೊತೊ ತಕಾಕಿರ ಎಂಬ ದೊಡ್ಡ ಮಂತ್ರಿಯನ್ನು ರಾಜದ್ರೋಹದ ಅಪವಾದ ಹೊರಿಸಿ ದೇಶಾಂತರ ಕಳುಹಿಸಿದರು. ಫುಜಿವಾರರ ಏಳಿಗೆಗೆ ಅದೊಂದು ಮೆಟ್ಟಿಲು. ಅದನ್ನು ಮಾತ್ರ ಆಕೆ ಬರೆದಿದ್ದಾಳೆ. ತನ್ನ ಸ್ವಂತ ವಿಷಯಕ್ಕೆ ಮೀಸಲಾದ ಬರಹದಲ್ಲಿ ಇದು ಸಲ್ಲದಿದ್ದರೂ, ದುಃಖಪಟ್ಟವಳು ತಾನೇ ಆದ್ದರಿಂದ ಬರೆದೆನೆಂದು ಸಮರ್ಥನೆಯನ್ನೂ ಕೊಟ್ಟಿದ್ದಾಳೆ. ಗೆದ್ದ ಪಕ್ಷದವನ ಹೆಂಡತಿ ಸೋತವನ ಮನೆಯವರಿಗಾಗಿ ಮರುಗಿದ್ದಾಳೆಂಬುದು ಗಮನಿಸತಕ್ಕದ್ದು.

ಈ ನಡುವೆ ಸನ್ಯಾಸಿನಿಯಾಗಿಬಿಡುವ ಯೋಚನೆ ಆಕೆಯನ್ನು ಹಿಡಿಯಿತು. ಮಗನೊಡನೆ ಈ ಮಾತನ್ನೆತ್ತಿದಾಗ, ಹಾಗಾದರೆ ತಾನೂ ಭಿಕ್ಷುವಾಗುವೆನೆಂದು ಹುಡುಗ ಅತ್ತನು. ನೀನು ಸಾಕಿದ ಡೇಗೆಯನ್ನು ಏನು ಮಾಡುವೆ ಎಂದು ತಾಯಿ ಹಗುರವಾಗಿ ಕೇಳಿದಳು. ಹುಡುಗ ಮೆಲ್ಲನೆ ಎದ್ದು ಓಡಿಹೋಗಿ, ಕಟ್ಟಿದ್ದ ಹಕ್ಕಿಯನ್ನು ಬಿಚ್ಚಿ ಆಕಾಶಕ್ಕೆ ಬಿಟ್ಟುಬಿಟ್ಟನು. ನೋಡಿದವರೆಲ್ಲರೂ ಕಣ್ಣೀರು ಸುರಿಸಿದರು. ಇಡೀ ಪುಸ್ತಕದಲ್ಲಿ ಇದಕ್ಕಿಂತ ಎದೆ ಕಲಕುವ ಸನ್ನಿವೇಶ ನನಗೆ ಕಂಡಿಲ್ಲ.

971ರ ಬೇಸಗೆಯಲ್ಲಿ ಆಕೆ ಊರಿನ ಪಶ್ಚಿಮಕ್ಕಿದ್ದ ನರುತಕಿ ಎಂಬ ಬೆಟ್ಟದ ದೇವಾಲಯಕ್ಕೆ ಹೊರಟುಹೋದಳು. ಸುದ್ದಿ ತಿಳಿದ ರಾತ್ರಿಯೇ ಕನೆಯಿಯೆ ಬಂದನು. ಅವನಿಗೆ ಆಗ ಯಾವುದೋ ಮಡಿಯ ವ್ರತ, ಗಾಡಿಯಿಂದ ಇಳಿಯುವಂತಿಲ್ಲ. ತಾಯಿ ಮೇಲೆ, ತಂದೆ ಕೆಳಗೆ. ಹುಡುಗ ಮಿಚಿತ್ಸುನ ಇಬ್ಬರ ಮಾತುಗಳನ್ನು ಹೊತ್ತು ಮೆಟ್ಟಿಲುಗಳನ್ನು ಹತ್ತಿದನು, ಇಳಿದನು, ಮತ್ತೆ ಹತ್ತಿದನು. ಆಕೆ ಬರಲಿಲ್ಲ. ನೀನು ಸರಿಯಾಗಿ ಹೇಳಲಿಲ್ಲವೆಂದು ತಂದೆ ಗದರಿಸಿದಾಗ ಹುಡುಗನಿಗೆ ಅಳು ಬಂತು. ಕೊನೆಗೆ ಇನ್ನೊಂದು ದಿನ ಕನೆಯಿಯೆ ಸ್ವತಃ ಮೇಲೆ ಬಂದು, ಅಲ್ಲಿದ್ದ ಸಾಮಾನುಗಳನ್ನೆಲ್ಲ ಕಟ್ಟಿಸಿ, ಬಲವಂತದಿಂದ ಆಕೆಯನ್ನು ಕರೆದುಕೊಂಡು ಹೋದನು. ಆಮೇಲೆ ಆಕೆಗೆ ‘ಅಮಗಯೆರು’ ಎಂದು ಅಡ್ಡಹೆಸರಿಟ್ಟನು. ಅದಕ್ಕೆ ಮಳೆಗಪ್ಪೆ ಎಂದು ಒಂದು ಅರ್ಥ. ಮರಳಿಬಂದ ಸನ್ಯಾಸಿನಿ ಎಂದು ಇನ್ನೊಂದು. ಶ್ಲೇಷೆ ಚೆನ್ನಾಗಿದೆ. ಆಕೆಗೆ ನಗು ಬರಲಿಲ್ಲ.

ಕನೆಯಿಯೆಯ ಪಕ್ಷವನ್ನೂ ಒಂದು ಮಾತಿನಲ್ಲಿ ಹೇಳಬೇಕು. ಆ ಕಾಲದ ಗಣ್ಯರ ನಡುವೆ ಅವನು ಮಹಾ ಕ್ರೂರಿಯೇನೂ ಅಲ್ಲ. ಹೆಚ್ಚು ಕಡಿಮೆ ಇಪ್ಪತ್ತು ವರ್ಷ ಬರುತ್ತಲೇ ಇದ್ದನು. ಮಗನನ್ನು ಮುಂದಕ್ಕೆ ತಂದನು. ಆಕೆ ಬಾಗಿಲು ಮುಚ್ಚಿದಾಗಲೂ ಬೆಟ್ಟ ಹತ್ತಿದಾಗಲೂ ಹಿಂದಕ್ಕೆ ಬಂದನು. ಲೋಕದ ದೃಷ್ಟಿಯಲ್ಲಿ ಈಕೆ ಅದೃಷ್ಟವಂತೆ. ಆದರೆ ಆ ಲೋಕವೇ ಈಕೆಯ ಸ್ಥಾನವನ್ನು ಅಳೆಯುತ್ತಿದ್ದ ಕೋಲು ಯಾವುದು? ತೊಕಿಹಿಮೆಗೆ ಗಂಡು ಮೂವರು, ಹೆಣ್ಣು ಇಬ್ಬರು. ಈಕೆಗೆ ಒಬ್ಬ ಮಗ. ಅರಮನೆಗ ಕಳುಹಿಸಲು ಮಗಳಿಲ್ಲ. ಕನೆಯಿಯೆ ಹೊಸ ಮಹಲನ್ನು ಕಟ್ಟಿಸಿದಾಗ ತನ್ನನ್ನು ಅಲ್ಲಿಗೆ ಕರೆದುಕೊಳ್ಳುವನೆಂದು ಈಕೆ ಆಸೆಪಟ್ಟಿದ್ದಳು, ಕರೆಯಲಿಲ್ಲ. 972ರಲ್ಲಿ, ಕನೆಯಿಯೆಗೆ ಮತ್ತೊಬ್ಬಳಲ್ಲಿ ಹುಟ್ಟಿ ಎಲ್ಲೋ ಬೆಟ್ಟದ ತಪ್ಪಲಲ್ಲಿ ಬೆಳೆಯುತ್ತಿದ್ದ ಒಬ್ಬ ಹುಡುಗಿಯನ್ನು ತರಿಸಿ ಮಗಳನ್ನಾಗಿ ಮಾಡಿಕೊಂಡಳು. ಆ ಮಗುವನ್ನು ತೆರೆಯ ಹಿಂದಿನಿಂದ ಕರೆತಂದು ತಂದೆಗೆ ತೋರಿಸಿದಾಗ, ಅವನು ಗುರುತಿಸದೆ ಯಾರೆಂದು ಕೇಳಿದನು, ತಿಳಿದಾಗ ಅತ್ತನು.

973ರಲ್ಲಿ ಆಕೆ ಊರಿನ ಪೂರ್ವದ ಅಂಚಿನಲ್ಲಿ, ನಕಗವ ಹೊಳೆಯ ಬಳಿ ತಂದೆಗೆ ಸೇರಿದ ಒಂದು ಮನೆಗೆ ಬಿಡಾರ ಬದಲಾಯಿಸಿದಳು. ಗಂಡನಿಗೆ ಸೂಚನೆ ಕೊಟ್ಟಿದ್ದಳು. ಅವನು ಬರಲಿಲ್ಲ, ತಡೆಯಲೂ ಇಲ್ಲ. ಅಲ್ಲಿಂದ ಮುಂದೆ ಬರುವುದು ನಿಂತೇಹೋಯಿತು. ಮದುವೆ ಮುಗಿದಿತ್ತು. ಮುಗಿಯಿತೆಂದು ಯಾರೂ ಯಾರಿಗೂ ಹೇಳಲಿಲ್ಲ. ಹೇಳಲು ಅಲ್ಲಿ ಮಾತೇ ಇರಲಿಲ್ಲ. ಆಕೆ ಬರೆದುದರಿಂದ ಮಾತ್ರ ಅದು ಮುಗಿದದ್ದು ನಮಗೆ ಗೊತ್ತಾಗಿದೆ.

ಮುಂದಿನ ಇತಿಹಾಸವನ್ನು ಬೇಗ ಹೇಳಿಬಿಡುತ್ತೇನೆ. 986ರಲ್ಲಿ ತೊಕಿಹಿಮೆಯ ಮಗಳು ಸೆನ್‌ಶಿಯ ಮಗ ಇಚಿಜೋ ಏಳರ ಹರೆಯದಲ್ಲಿ ಚಕ್ರವರ್ತಿಯಾದನು; ತಾತನಾದ ಕನೆಯಿಯೆ ರಾಜಪ್ರತಿನಿಧಿಯಾದನು. ತೊಕಿಹಿಮೆಯ ಮೂವರು ಗಂಡುಮಕ್ಕಳೂ ಒಬ್ಬರ ಬಳಿಕ ಒಬ್ಬರು ಆಳಿದರು. ಕಿರಿಯವನಾದ ಮಿಚಿನಾಗನ ಕಾಲದಲ್ಲಂತೂ ಆ ಮನೆತನದ ವೈಭವ ತುತ್ತತುದಿಗೆ ಮುಟ್ಟಿತು. ಮಿಚಿತ್ಸುನನಿಗೆ ಹಿರಿಯ ಸಚಿವಪದವಿ ದೊರೆಯಿತು; ಅದಕ್ಕೆ ಮೇಲೆ ಏರಲಿಲ್ಲ. ಅವನು ತೀರಿಕೊಂಡದ್ದು 1020ರಲ್ಲಿ. ತಾಯಿ 995ರಲ್ಲಿಯೇ ತೀರಿಹೋಗಿದ್ದಳು. ಮಿಚಿನಾಗನು ಪಂಚಾಂಗದ ಸುರುಳಿಗಳ ಮೇಲೆ ಚೀನೀ ಭಾಷೆಯಲ್ಲಿ ಬರೆದ ದಿನಚರಿ ಇನ್ನೂ ಉಳಿದಿದೆ. ಅವನ ಸ್ವಹಸ್ತದ ಹದಿನಾಲ್ಕು ಸುರುಳಿಗಳನ್ನು 2013ರಲ್ಲಿ ಯುನೆಸ್ಕೋ ಸಂಸ್ಥೆ ಜಗತ್ತಿನ ಸ್ಮೃತಿನಿಧಿಗಳ ಪಟ್ಟಿಗೆ ಸೇರಿಸಿತು. ಮಿಚಿತ್ಸುನನ ತಾಯಿಯ ಕೈಬರಹದ ಒಂದು ತುಂಡೂ ಇಲ್ಲ. ನಮಗೆ ಸಿಕ್ಕಿರುವ ಪ್ರತಿಗಳು ಹದಿನೇಳನೆಯ ಶತಮಾನಕ್ಕಿಂತ ಹಳೆಯವಲ್ಲ. ಪಾಠ ಎಷ್ಟೋ ಕಡೆ ಕೆಟ್ಟಿದೆ. ಎಡ್ವರ್ಡ್ ಸೈಡೆನ್‌ಸ್ಟಿಕ್ಕರ್ ಎಂಬ ವಿದ್ವಾಂಸನ ಇಂಗ್ಲಿಷ್ ಭಾಷಾಂತರ 1964ರಲ್ಲಿ, ಸೋನ್ಯ ಆರ್ನ್ಟ್‌ಸನ್ ಎಂಬಾಕೆಯದು 1997ರಲ್ಲಿ ಪುಸ್ತಕರೂಪದಲ್ಲಿ ಬಂದುವು.

ಆದರೂ ಬೀಜ ಬಿದ್ದಾಗಿತ್ತು. ಈಕೆಯ ತಂಗಿಯ ಮಗಳೊಬ್ಬಳು, ಅವಳೂ ಹೆಸರಿಲ್ಲದವಳೇ, 1008ರಲ್ಲಿ ಹುಟ್ಟಿ, ತನ್ನ ನಲವತ್ತು ವರ್ಷಗಳ ನೆನಪನ್ನು ‘ಸರಶಿನ ನಿಕ್ಕಿ’ ಎಂದು ಬರೆದಳು. ದೊಡ್ಡಮ್ಮ ತಿರಸ್ಕರಿಸಿದ್ದ ಕಥೆಗಳಿಗೇ ಇವಳು ಹುಚ್ಚಾದವಳು. ಮೂವತ್ತು ದಾಟಿದ ಮೇಲೆ ಮದುವೆಯಾದಳು. ಗಂಡನ ವಿಚಾರ ಬರೆದದ್ದು ಬಹಳ ಸ್ವಲ್ಪ. ಮಿಚಿನಾಗನ ಮಗಳ ಓಲಗದಲ್ಲಿದ್ದ ಮುರಸಾಕಿ ಶಿಕಿಬು, ಎರಡು ಮೂರು ವರ್ಷಗಳ ದಾಂಪತ್ಯದ ಬಳಿಕ 1001ರಲ್ಲಿ ವಿಧವೆಯಾದವಳು, ‘ಗೆಂಜಿಯ ಕಥೆ’ಯನ್ನು ಬರೆದಳು. ಆ ಮಹಾಗ್ರಂಥದಲ್ಲಿ ಗಾಡಿಯ ಸದ್ದಿಗೆ ಕಿವಿಗೊಟ್ಟು ಕುಳಿತ ಹೆಂಗಸರ ಮನಸ್ಸನ್ನು ಓದುವಾಗ, ಈ ದಿನಚರಿ ಮೊದಲು ತೆರೆದ ದಾರಿಯಲ್ಲಿ ನಡೆಯುತ್ತಿದ್ದೇವೆ ಎಂದು ನನಗೆ ತೋರುತ್ತದೆ.

ದಿನಚರಿಯ ಕೊನೆಯ ವರ್ಷ 974. ಆ ವರ್ಷ ರಾಜಧಾನಿಯಲ್ಲಿ ಸಿಡುಬು ಹರಡಿತು. ಮಿಚಿತ್ಸುನ ಅದಕ್ಕೆ ಸಿಕ್ಕಿ ಬದುಕಿಕೊಂಡನು. ಅವನಿಗೆ ಆಗಲೇ ಇಪ್ಪತ್ತು ವರ್ಷ. ತಂದೆ ಒಂದು ಕಾಲದಲ್ಲಿ ಬರೆದಂತೆಯೇ ಅವನೂ ಯಾರಿಗೋ ಓಲೆಗಳನ್ನು ಬರೆಯುತ್ತಿದ್ದಾನೆ, ತಾಯಿ ಅವುಗಳನ್ನು ದಿನಚರಿಯಲ್ಲಿ ಬರೆದಿಟ್ಟುಕೊಳ್ಳುತ್ತಿದ್ದಾಳೆ. ವರ್ಷದ ಕಡೆಯ ರಾತ್ರಿ ಬಂತು. ಆ ರಾತ್ರಿ ಪಿಶಾಚಿಗಳನ್ನು ಓಡಿಸುವ ಆಚರಣೆಗಾಗಿ ಜನರು ಬಾಗಿಲುಗಳನ್ನು ಬಡಿಯುತ್ತ ಬರುವುದು ವಾಡಿಕೆ. ಆಕೆಯ ಮನೆ ಊರಿನ ಅಂಚಿನಲ್ಲಿ. ಇರುಳು ಬಹಳ ಹೊತ್ತಾದ ಮೇಲೆ ಬಡಿಯುವ ಸದ್ದು ಹತ್ತಿರಕ್ಕೆ ಬಂತೆಂದು ಬರೆದಿದ್ದಾಳೆ. ಬರಹ ಅಲ್ಲಿಗೇ ನಿಲ್ಲುತ್ತದೆ.